ಕೆಜಿ ಲೆಕ್ಕದ ಇನ್‌ಫ್ಯೂಷನ್: ಡಾಕ್ಟರ್ ಬರೆದ ಡೋಸ್‌ನಿಂದ ಪಂಪಿನ ಎಂಎಲ್‌ವರೆಗೆ

ಸಿರಿಂಜ್ ಪಂಪಿಗೆ ಅರ್ಥವಾಗುವುದು ಗಂಟೆಗೆ ಎಷ್ಟು ಎಂಎಲ್ ಎಂಬುದಷ್ಟೇ. ಡಾಕ್ಟರ್ ಕೇಸ್ ಶೀಟಿನಲ್ಲಿ ಬರೆಯುವುದು ಒಂದು ಕೆಜಿ ತೂಕಕ್ಕೆ, ಒಂದು ನಿಮಿಷಕ್ಕೆ ಇಷ್ಟು ಮೈಕ್ರೋಗ್ರಾಂ (ಎಂಸಿಜಿ) ಎಂದು. ಇದನ್ನು ಅದಕ್ಕೆ ಇಳಿಸಬೇಕಾದವರು ಬೆಡ್ ಪಕ್ಕ ನಿಂತ ಸ್ಟಾಫ್ ನರ್ಸ್. ದಾವಣಗೆರೆಯ ದೊಡ್ಡ ಆಸ್ಪತ್ರೆಗಳ ಐಸಿಯುಗೆ ಮೊದಲ ಸಲ ಪೋಸ್ಟಿಂಗ್ ಬಂದ ಜಿಎನ್ಎಂ, ಬಿಎಸ್ಸಿ ನರ್ಸಿಂಗ್ ಹುಡುಗ ಹುಡುಗಿಯರಿಗೆ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ರೆಫರ್ ಮಾಡುವ ಮುಂಚೆ ಡ್ರಿಪ್ ಶುರು ಮಾಡಬೇಕಾದವರಿಗೆ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಅಂದರೆ ಏಳನೇ ಕ್ಲಾಸಿನ ಗುಣಾಕಾರ, ಭಾಗಾಕಾರ. ಅದರಲ್ಲಿ ತಪ್ಪುವವರು ಕಡಿಮೆ. ತಪ್ಪು ಆಗುವುದು ಲೆಕ್ಕಕ್ಕೆ ಹಾಕುವ ಅಂಕಿಯಲ್ಲಿ: ತೂಕ ಎಲ್ಲಿಂದ ಬಂತು, ಆಂಪೂಲಿನಲ್ಲಿ ನಿಜಕ್ಕೂ ಎಷ್ಟು ಔಷಧ ಇತ್ತು, ಆರ್ಡರಿನಲ್ಲಿ ಇದ್ದದ್ದು ನಿಮಿಷವೋ ಗಂಟೆಯೋ. ಅದಕ್ಕೇ ಸೂತ್ರಕ್ಕೆ ಬರುವ ಮುಂಚೆ ಈ ಮೂರನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ಒಂದು ಮಾತು ಮೊದಲೇ: ಇಲ್ಲಿ ಬರುವ ಡೋಸ್‌ಗಳು ಲೆಕ್ಕ ಕಲಿಯಲಿಕ್ಕೆ. ಯಾರಿಗೆ ಏನು, ಎಷ್ಟು ಎಂಬುದು ಡಾಕ್ಟರ ಆರ್ಡರ್ ಮತ್ತು ನಿಮ್ಮ ಯೂನಿಟ್‌ನ ಪ್ರೋಟೋಕಾಲ್.

ಹೆಜ್ಜೆ 1: ಆರ್ಡರ್ ಓದಿ

ಆರ್ಡರಿನಲ್ಲಿ ಔಷಧದ ಹೆಸರು, ಡೋಸ್, ಅದರ ಯೂನಿಟ್ ಇರಬೇಕು. ಯೂನಿಟ್ ಅಂದರೆ ಪೂರ್ತಿ ಯೂನಿಟ್. "ಎಂಸಿಜಿ/ಕೆಜಿ/ನಿಮಿಷ" ಒಂದು, "ಎಂಸಿಜಿ/ನಿಮಿಷ" ಇನ್ನೊಂದು, "ಎಂಜಿ/ಕೆಜಿ/ಗಂಟೆ" ಮತ್ತೊಂದು. ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್ (ನಾರ್‌ಅಡ್) ಅನ್ನು ಕೆಲವು ಐಸಿಯುಗಳಲ್ಲಿ ಕೆಜಿ ಲೆಕ್ಕದಲ್ಲಿ, ಕೆಲವು ಕಡೆ ಕೆಜಿ ಇಲ್ಲದೆ ಬರೀ ನಿಮಿಷಕ್ಕೆ ಇಷ್ಟು ಎಂದು ಬರೆಯುತ್ತಾರೆ. "ನಾರ್‌ಅಡ್ 0.1" ಅಂತ ಫೋನಿನಲ್ಲಿ ಹೇಳಿದರೆ 0.1 ಏನು ಎಂದು ಕೇಳಿಯೇ ಬರೆದುಕೊಳ್ಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ, ಬೈದರೂ ಪರವಾಗಿಲ್ಲ.

"ನಾರ್‌ಅಡ್ 5 ಎಂಎಲ್ ಗಂಟೆಗೆ" ಎಂಬ ಆರ್ಡರ್ ನಮ್ಮ ಕಡೆ ಇನ್ನೂ ಧಾರಾಳವಾಗಿ ಓಡಾಡುತ್ತಿದೆ. ಅದು ಡೋಸ್ ಅಲ್ಲ. ಸಿರಿಂಜಿನಲ್ಲಿ ಎಷ್ಟು ಆಂಪೂಲ್ ಹಾಕಿದ್ದಾರೆ ಅನ್ನುವುದರ ಮೇಲೆ ಅದೇ 5 ಎಂಎಲ್ ಒಂದು ಪಟ್ಟು ಆಗಬಹುದು, ನಾಲ್ಕು ಪಟ್ಟೂ ಆಗಬಹುದು.

ಬರೆಯುವಾಗಲೂ ಕೆಲವು ಶಿಸ್ತು ಬೇಕು. ಪಾಯಿಂಟ್ ಮುಂದೆ ಸೊನ್ನೆ ಹಾಕಿ: 0.1 ಎಂದು ಬರೆಯಿರಿ, ಬರೀ .1 ಬೇಡ, ಚುಕ್ಕೆ ಮಾಸಿದರೆ ಅದು 1 ಆಗುತ್ತದೆ. ಪೂರ್ಣ ಸಂಖ್ಯೆಯ ಹಿಂದೆ ಸೊನ್ನೆ ಬೇಡ: 5.0 ಎಂಬುದು ಅವಸರದಲ್ಲಿ 50 ಆಗಿ ಕಾಣುತ್ತದೆ. ಮೈಕ್ರೋಗ್ರಾಮಿಗೆ ಗ್ರೀಕ್ ಅಕ್ಷರ ಹಾಕಿ ಬರೆಯುವ ಚಿಹ್ನೆ ಕೈಬರಹದಲ್ಲಿ ಎಂಜಿ ಥರವೇ ಇರುತ್ತದೆ, ಸಾವಿರ ಪಟ್ಟಿನ ವ್ಯತ್ಯಾಸ. ಎಂಸಿಜಿ ಎಂದೇ ಬರೆಯಿರಿ. ಇನ್ಸುಲಿನ್, ಹೆಪಾರಿನ್‌ಗೆ "ಯೂನಿಟ್" ಎಂದು ಪೂರ್ತಿ ಬರೆಯಿರಿ, ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆದರೆ ಅದು ಸೊನ್ನೆಯಂತೆ ಓದಿಸಿಕೊಳ್ಳುತ್ತದೆ.

ಹೆಜ್ಜೆ 2: ತೂಕ

ಪೇಷಂಟ್ ಕಡೆಯವರನ್ನು ತೂಕ ಕೇಳಿದರೆ ನಮ್ಮೂರಲ್ಲಿ ಉತ್ತರ ಎಪಿಎಂಸಿ ಭಾಷೆಯಲ್ಲೇ ಬರುತ್ತದೆ: "ಅಪ್ಪಾರು ಅರ್ಧ ಕ್ವಿಂಟಲ್ ಮ್ಯಾಲೆ ಇರ್ತಾರ್ರೀ ಸಿಸ್ಟರ್." ಮೆಕ್ಕೆಜೋಳದ ಚೀಲಕ್ಕಾದರೆ ಆ ಅಂದಾಜು ನಡೆದೀತು. ಮನುಷ್ಯರ ವಿಷಯದಲ್ಲಿ 52 ಕೆಜಿ, 68 ಕೆಜಿ ಎರಡೂ "ಅರ್ಧ ಕ್ವಿಂಟಲ್ ಮ್ಯಾಲೆ" ಆಗುತ್ತದೆ, ಡೋಸ್ ಮಾತ್ರ ಮೂವತ್ತು ಪರ್ಸೆಂಟ್ ಏರುತ್ತದೆ.

ನಿಲ್ಲಬಲ್ಲವರನ್ನು ಕ್ಯಾಶುವಾಲ್ಟಿಯಲ್ಲೇ ತೂಕದ ಮಷಿನ್ ಮೇಲೆ ನಿಲ್ಲಿಸಿ. ಮಲಗಿದವರಿಗೆ ತೂಕ ತೋರಿಸುವ ಬೆಡ್ ಇದ್ದರೆ ಅದರಲ್ಲಿ. ಹೊದಿಕೆ, ಮಾನಿಟರ್, ಕಾಲ ಬಳಿ ಇಟ್ಟ ಆಕ್ಸಿಜನ್ ಸಿಲಿಂಡರ್ ಎಲ್ಲ ತೆಗೆದು. ಎರಡೂ ಆಗದಿದ್ದರೆ ಹಳೆಯ ಡಿಸ್ಚಾರ್ಜ್ ಸಮ್ಮರಿ, ಡಯಾಲಿಸಿಸ್ ಪುಸ್ತಕ, ಗರ್ಭಿಣಿಯರಾದರೆ ತಾಯಿ ಕಾರ್ಡ್ ನೋಡಿ. ಅದೂ ಇಲ್ಲ ಎಂದಾದಾಗ ಮಾತ್ರ ಅಂದಾಜು. ಆಗ ಚಾರ್ಟಿನಲ್ಲಿ "ಅಂದಾಜು" ಎಂದು ಪಕ್ಕದಲ್ಲಿ ಬರೆಯಿರಿ, ಮುಂದಿನ ಶಿಫ್ಟಿನವರು ಅಳೆದ ತೂಕ ಎಂದು ನಂಬಿ ಕೂರಬಾರದು. ಮಕ್ಕಳಿಗೆ ಅಂದಾಜು ತುರ್ತು ಪರಿಸ್ಥಿತಿಯಲ್ಲಿ ಮಾತ್ರ. ಒಂದರಿಂದ ಹತ್ತು ವರ್ಷದವರಿಗೆ ವಯಸ್ಸಿಗೆ 4 ಕೂಡಿಸಿ ಎರಡು ಪಟ್ಟು ಮಾಡುವ ಹಳೆಯ ಸೂತ್ರವಿದೆ. ಮೂರು ವರ್ಷಕ್ಕೆ 14 ಕೆಜಿ. ಸೊರಗಿದ ಮಗುವಿಗೆ ಇದು ಜಾಸ್ತಿಯೇ ಬರುತ್ತದೆ.

ದಪ್ಪಗಿರುವವರಿಗೆ ಯಾವ ತೂಕ ಹಿಡಿಯಬೇಕು? ಔಷಧಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಡಾಕ್ಟರನ್ನು ಕೇಳಿ. ಎತ್ತರದ ಮೇಲೆ ಲೆಕ್ಕ ಹಾಕುವ ತೂಕ ಬೇಕು ಎಂದರೆ ವೆಂಟಿಲೇಟರಿನ ಟೈಡಲ್ ವಾಲ್ಯೂಮ್‌ಗೆ (ಒಂದು ಉಸಿರಿನ ಗಾಳಿಯ ಅಳತೆ) ಬಳಸುವ ಸೂತ್ರವೇ ಸಾಕು: ಸೆಂಟಿಮೀಟರಿನಲ್ಲಿ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿ, ಗಂಡಸರಾದರೆ 50, ಹೆಂಗಸರಾದರೆ 45.5 ಕೂಡಿಸಿ. 165 ಸೆಂ.ಮೀ. ಎತ್ತರದ ಹೆಂಗಸಿಗೆ ಸುಮಾರು 57 ಕೆಜಿ. ಮೂರನೇ ದಿನ ಮೈಯೆಲ್ಲ ನೀರು ತುಂಬಿ ಬೆಡ್ ತೂಕ 6 ಕೆಜಿ ಜಾಸ್ತಿ ತೋರಿಸಿದರೆ ಡೋಸ್ ತೂಕವನ್ನು ಅದರ ಹಿಂದೆ ಏರಿಸಬೇಡಿ. ದಾಖಲಾದಾಗ ತೀರ್ಮಾನಿಸಿದ ಒಂದು ತೂಕವನ್ನು ಚಾರ್ಟಿನ ಮೇಲೆ ದೊಡ್ಡದಾಗಿ ಬರೆದು, ಡಾಕ್ಟರ್ ಬದಲಿಸುವವರೆಗೆ ಅದನ್ನೇ ಬಳಸಿ.

ಹೆಜ್ಜೆ 3: ಸಿರಿಂಜಿನಲ್ಲಿ ಏನಿದೆ

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಈ ಹೆಜ್ಜೆಯಲ್ಲಿ. ಒಂದು ಎಂಎಲ್‌ನಲ್ಲಿ ಎಷ್ಟು ಔಷಧ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿಯೇ ಆಗುತ್ತದೆ.

ಸುಲಭದ್ದು ಮೊದಲು. ಡೋಪಮಿನ್ (ಇದೂ ಬಿಪಿ ಏರಿಸುವ ಔಷಧವೇ) ಆಂಪೂಲ್ 5 ಎಂಎಲ್, ಅದರಲ್ಲಿ 200 ಎಂಜಿ. 5 ಎಂಎಲ್ ಔಷಧ, 45 ಎಂಎಲ್ ನಾರ್ಮಲ್ ಸಲೈನ್, ಒಟ್ಟು 50. 200 ÷ 50 = ಎಂಎಲ್‌ಗೆ 4 ಎಂಜಿ. ಇಲ್ಲಿ "ಒಟ್ಟು 50" ಎಂಬುದು ಮುಖ್ಯ. 50 ಎಂಎಲ್ ಸಲೈನ್ ಎಳೆದು ಅದರ ಮೇಲೆ 5 ಎಂಎಲ್ ಔಷಧ ಹಾಕಿದರೆ 55 ಆಗುತ್ತದೆ, ಎಂಎಲ್‌ಗೆ 3.6 ಎಂಜಿ ಮಾತ್ರ ಉಳಿಯುತ್ತದೆ.

ನಾರ್‌ಅಡ್ರಿನಲಿನ್ ಇಷ್ಟು ಸರಳವಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 2 ಎಂಎಲ್ ಆಂಪೂಲಿನ ಲೇಬಲನ್ನು ಬೆಳಕಿಗೆ ಹಿಡಿದು ಓದಿ. ಪ್ರತಿ ಎಂಎಲ್‌ನಲ್ಲಿ ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್ 2 ಎಂಜಿ, ಇದು ನಾರ್‌ಅಡ್ರಿನಲಿನ್ 1 ಎಂಜಿಗೆ ಸಮ ಎಂದಿರುತ್ತದೆ. ಅಂದರೆ ಉಪ್ಪಿನ ರೂಪದಲ್ಲಿ (ಪೂರ್ತಿ ಬೈಟಾರ್ಟ್ರೇಟ್) ಲೆಕ್ಕ ಹಾಕಿದರೆ ಆಂಪೂಲಿಗೆ 4 ಎಂಜಿ, ಬೇಸ್ (ಬರೀ ನಾರ್‌ಅಡ್ರಿನಲಿನ್) ಲೆಕ್ಕದಲ್ಲಿ 2 ಎಂಜಿ. ಒಬ್ಬರು "4 ಎಂಜಿ ಹಾಕಿ" ಅಂದರೆ ಒಂದು ಆಂಪೂಲೋ ಎರಡೋ? ಎರಡೂ ಸರಿ ಎನ್ನಬಹುದು, ಅದೇ ಅಪಾಯ. ಪುಸ್ತಕದ ಡೋಸ್‌ಗಳು ಸಾಮಾನ್ಯವಾಗಿ ಬೇಸ್ ಲೆಕ್ಕದಲ್ಲಿರುತ್ತವೆ, ಆದ್ದರಿಂದ ನಾನು ಬೇಸ್ ಲೆಕ್ಕವೇ ಒಳ್ಳೆಯದು ಎನ್ನುವವರ ಪಕ್ಷ. ನಿಮ್ಮ ಯೂನಿಟ್ ಯಾವುದನ್ನು ಹಿಡಿದರೂ ಎಲ್ಲರೂ ಅದನ್ನೇ ಹಿಡಿಯಬೇಕು, ಲೇಬಲಿನ ಮೇಲೆ "ಬೇಸ್" ಎಂದು ಬರೆಯಬೇಕು, ಜೊತೆಗೆ ಎಷ್ಟು ಆಂಪೂಲ್ ಎಂಬುದನ್ನೂ.

ಇನ್ಸುಲಿನ್ ನಮ್ಮ ದೇಶದಲ್ಲಿ ಇನ್ನೊಂದು ತಾಪತ್ರಯ. ರೆಗ್ಯುಲರ್ ಇನ್ಸುಲಿನ್ ವಯಲ್ ಎಂಎಲ್‌ಗೆ 40 ಯೂನಿಟ್‌ನದ್ದೂ ಇದೆ, 100 ಯೂನಿಟ್‌ನದ್ದೂ ಇದೆ. 50 ಯೂನಿಟ್ ಬೇಕೆಂದರೆ ಮೊದಲನೆಯದರಲ್ಲಿ 1.25 ಎಂಎಲ್, ಎರಡನೆಯದರಲ್ಲಿ 0.5 ಎಂಎಲ್. ಕೈ ಅಭ್ಯಾಸದ ಮೇಲೆ ನೂರರ ವಯಲಿನಿಂದ 1.25 ಎಂಎಲ್ ಎಳೆದರೆ ಸಿರಿಂಜಿನಲ್ಲಿ 125 ಯೂನಿಟ್ ಕೂತಿರುತ್ತದೆ, ಪಂಪ್ ಮೇಲೆ ಕಾಣುವ ಅಂಕಿ ಮಾತ್ರ ಸರಿಯಾಗಿಯೇ ಇರುತ್ತದೆ. ನಲವತ್ತರ ವಯಲಿಗೆ ಕೆಂಪು ಮುಚ್ಚಳದ ಸಿರಿಂಜ್, ನೂರರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ.

ಹೆಪಾರಿನ್‌ನದ್ದೂ ಇದೇ ಕಥೆ. 5 ಎಂಎಲ್ ವಯಲ್, ಒಂದರಲ್ಲಿ ಎಂಎಲ್‌ಗೆ 1000 ಯೂನಿಟ್, ಇನ್ನೊಂದರಲ್ಲಿ 5000. ಗಾತ್ರ ಒಂದೇ. ಸ್ಟಾಕ್ ಮುಗಿದು ಫಾರ್ಮಸಿಯವರು ಬೇರೆ ಕಂಪನಿಯದು ಕಳಿಸಿದ ದಿನವೇ ಎಡವಟ್ಟು ಆಗುವುದು. "ಒಂದು ವಯಲ್ ಹೆಪಾರಿನ್" ಎಂದು ಮಾತಾಡುವ ರೂಢಿ ಬಿಡಿ, ಯೂನಿಟ್ ಹೇಳಿ.

ಹೆಜ್ಜೆ 4: ಲೆಕ್ಕ

ಸೂತ್ರ ಇದು:

ಗಂಟೆಗೆ ಎಂಎಲ್ = ಡೋಸ್ × ತೂಕ × 60 ÷ ಒಂದು ಎಂಎಲ್‌ನಲ್ಲಿರುವ ಎಂಸಿಜಿ

ಆರ್ಡರ್ ನಿಮಿಷದ್ದಾದರೆ 60 ಬರುತ್ತದೆ, ಗಂಟೆಯದ್ದಾದರೆ ಬರುವುದಿಲ್ಲ. ಒಂದೇ ಗುಕ್ಕಿನಲ್ಲಿ ಕ್ಯಾಲ್ಕುಲೇಟರಿಗೆ ಹಾಕುವ ಬದಲು ಮೂರು ಸಾಲಿನಲ್ಲಿ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಪ್ರತಿ ಸಾಲಿನ ಉತ್ತರಕ್ಕೂ ಒಂದು ಅರ್ಥ ಇರುತ್ತದೆ, ತಪ್ಪಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಡೋಪಮಿನ್, 5 ಎಂಸಿಜಿ/ಕೆಜಿ/ನಿಮಿಷ, ತೂಕ 60 ಕೆಜಿ, ಸಿರಿಂಜಿನಲ್ಲಿ ಎಂಎಲ್‌ಗೆ 4 ಎಂಜಿ:

5 × 60 = ನಿಮಿಷಕ್ಕೆ 300 ಎಂಸಿಜಿ
300 × 60 = ಗಂಟೆಗೆ 18,000 ಎಂಸಿಜಿ, ಅಂದರೆ 18 ಎಂಜಿ
18 ÷ 4 = ಗಂಟೆಗೆ 4.5 ಎಂಎಲ್

ಇಲ್ಲಿ ಎರಡು 60 ಇವೆ. ಒಂದು ತೂಕ, ಒಂದು ನಿಮಿಷ. ಸರಿಯಾಗಿ 60 ಕೆಜಿ ಇರುವ ಪೇಷಂಟ್‌ಗೆ ಒಂದು 60 ಬಿಟ್ಟುಹೋಗುವುದು ಬಹಳ ಸುಲಭ, ಸಾಲು ಸಾಲಾಗಿ ಬರೆದರೆ ಬಿಟ್ಟುಹೋಗುವುದಿಲ್ಲ.

ಈಗ ನಾರ್‌ಅಡ್ರಿನಲಿನ್. ಎರಡು ಆಂಪೂಲ್, 4 ಎಂಎಲ್, ಬೇಸ್ 4 ಎಂಜಿ. 46 ಎಂಎಲ್ ಸೇರಿಸಿ ಒಟ್ಟು 50. ಎಂಎಲ್‌ಗೆ 0.08 ಎಂಜಿ, ಅಂದರೆ 80 ಎಂಸಿಜಿ. ತೂಕ 50 ಕೆಜಿ, ಡೋಸ್ 0.1 ಎಂಸಿಜಿ/ಕೆಜಿ/ನಿಮಿಷ:

0.1 × 50 = ನಿಮಿಷಕ್ಕೆ 5 ಎಂಸಿಜಿ
5 × 60 = ಗಂಟೆಗೆ 300 ಎಂಸಿಜಿ
300 ÷ 80 = 3.75 ಎಂಎಲ್

ಅದೇ ಸಿರಿಂಜನ್ನು ಉಪ್ಪಿನ ಲೆಕ್ಕದಲ್ಲಿ ಎಂಎಲ್‌ಗೆ 160 ಎಂಸಿಜಿ ಎಂದು ಹಿಡಿದವರಿಗೆ 1.9 ಎಂಎಲ್ ಬರುತ್ತದೆ. ಒಂದೇ ಪೇಷಂಟ್, ಒಂದೇ ಸಿರಿಂಜ್, ಒಂದೇ ಆರ್ಡರ್. ಡ್ಯೂಟಿ ಬದಲಾದ ಕೂಡಲೇ ಡೋಸ್ ಅರ್ಧ. ಬಿಪಿ ಯಾಕೆ ಇಳಿಯಿತು ಎಂದು ಎಲ್ಲರೂ ಬೇರೆಲ್ಲೋ ಹುಡುಕುತ್ತಿರುತ್ತಾರೆ.

ಡೋಸ್ ಪದೇ ಪದೇ ಬದಲಾಗುವ ಔಷಧಕ್ಕೆ ಪ್ರತಿ ಸಲ ಲೆಕ್ಕ ಮಾಡುತ್ತಾ ಕೂರಬೇಡಿ. ಸಿರಿಂಜ್ ತಯಾರಾದ ಕೂಡಲೇ ಆ ಪೇಷಂಟ್‌ಗೆ ಒಂದು ಚಿಕ್ಕ ಪಟ್ಟಿ ಮಾಡಿ ಚಾರ್ಟಿಗೆ ಅಂಟಿಸಿ. ಮೇಲಿನ 50 ಕೆಜಿಯವರಿಗೆ: 0.05 ಆದರೆ 1.9 ಎಂಎಲ್, 0.1 ಆದರೆ 3.75, 0.2 ಆದರೆ 7.5, 0.3 ಆದರೆ 11.3, 0.5 ಆದರೆ 18.8. ರಾತ್ರಿ ಎರಡು ಗಂಟೆಗೆ ಬಿಪಿ 70 ಆಗಿ ಡಾಕ್ಟರ್ "0.2 ಮಾಡಿ" ಅಂದಾಗ ಬೆರಳಿಟ್ಟು ಓದಿದರೆ ಆಯಿತು. ಈ ಪಟ್ಟಿಯ ಮೇಲೆ ತೂಕ, ಎಂಎಲ್‌ಗೆ ಎಷ್ಟು ಎಂಸಿಜಿ ಎರಡೂ ಇರಲೇಬೇಕು, ಬೇರೆ ಬೆಡ್ಡಿನ ಪಟ್ಟಿ ಇಲ್ಲಿಗೆ ಬರಬಾರದು.

ಪಟ್ಟಿಯ ಕೊನೆ ನೋಡಿ. 18.8 ಎಂಎಲ್‌ನಲ್ಲಿ 50 ಎಂಎಲ್ ಸಿರಿಂಜ್ ಮೂರು ಗಂಟೆ ಕೂಡ ಬರುವುದಿಲ್ಲ. ಆಗ ಡಬಲ್ ಸ್ಟ್ರೆಂತ್ ಮಾಡುತ್ತಾರೆ: ನಾಲ್ಕು ಆಂಪೂಲ್, 8 ಎಂಎಲ್, 42 ಎಂಎಲ್ ಸೇರಿಸಿ ಎಂಎಲ್‌ಗೆ 160 ಎಂಸಿಜಿ. ಹೊಸ ಸಿರಿಂಜ್ ಹಾಕಿದ ಕ್ಷಣವೇ ಪಂಪಿನ ಅಂಕಿ ಅರ್ಧಕ್ಕೆ ಇಳಿಸಬೇಕು, 9.4. ಸಿಂಗಲ್‌ನಿಂದ ಡಬಲ್‌ಗೆ ಹೋಗುವ ಈ ಒಂದು ನಿಮಿಷದಲ್ಲಿ ಇಬ್ಬರು ಬೆಡ್ ಪಕ್ಕ ಇರಬೇಕೆಂಬುದು ನನ್ನ ಹಠ. ಹಳೆಯ ಪಟ್ಟಿಯನ್ನು ಅಡ್ಡಗೆರೆ ಹೊಡೆದು ಹೊಸದು ಬರೆಯಿರಿ.

ಗಂಟೆ ಲೆಕ್ಕದ ಔಷಧಗಳು

ಇನ್ಸುಲಿನ್, ಹೆಪಾರಿನ್ ಗಂಟೆಯ ಲೆಕ್ಕ, 60ರ ಗೊಡವೆ ಇಲ್ಲ. ಡಯಾಬಿಟಿಕ್ ಕೀಟೋಅಸಿಡೋಸಿಸ್‌ಗೆ ಇನ್ಸುಲಿನ್ 0.1 ಯೂನಿಟ್/ಕೆಜಿ/ಗಂಟೆ ಎಂದಿದ್ದರೆ 60 ಕೆಜಿಯವರಿಗೆ ಗಂಟೆಗೆ 6 ಯೂನಿಟ್. 50 ಯೂನಿಟ್ 50 ಎಂಎಲ್‌ನಲ್ಲಿ ಇದ್ದರೆ 6 ಎಂಎಲ್. ಈ ಒಂದಕ್ಕೆ ಒಂದು ಎಂಬ ಅನುಕೂಲಕ್ಕೇ ಎಲ್ಲರೂ 50ಕ್ಕೆ 50 ಮಾಡುವುದು. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿನ ಒಳಮೈಗೆ ಅಂಟಿಕೊಳ್ಳುವ ಗುಣದ್ದು. ಶುರು ಮಾಡುವ ಮುಂಚೆ ಅದೇ ದ್ರಾವಣವನ್ನು ಲೈನಿನಲ್ಲಿ ಸ್ವಲ್ಪ ಹರಿಸಿ ಚೆಲ್ಲಬೇಕು, ಇಲ್ಲವಾದರೆ ಮೊದಲ ಗಂಟೆ ಪೇಷಂಟ್‌ಗೆ ಹೋಗುವುದು ಬರೀ ನೀರು ಎನ್ನುವಷ್ಟು ಕಡಿಮೆ. ಪೊಟ್ಯಾಸಿಯಂ ರಿಪೋರ್ಟ್ ಡಾಕ್ಟರ್ ನೋಡಿದ್ದಾರಾ ಎಂದು ಕೇಳದೆ ಪಂಪ್ ಆನ್ ಮಾಡಬೇಡಿ.

ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಹೆಪಾರಿನ್ ಸಾಮಾನ್ಯವಾಗಿ ಕೆಜಿಗೆ 80 ಯೂನಿಟ್ ಬೋಲಸ್ (ಮೊದಲು ಒಮ್ಮೆಗೇ ಕೊಡುವ ಡೋಸ್), ಆಮೇಲೆ 18 ಯೂನಿಟ್/ಕೆಜಿ/ಗಂಟೆ. 60 ಕೆಜಿಗೆ ಬೋಲಸ್ 4800 ಯೂನಿಟ್, ಇನ್‌ಫ್ಯೂಷನ್ ಗಂಟೆಗೆ 1080 ಯೂನಿಟ್. 5000ದ ವಯಲ್ ಪೂರ್ತಿ 5 ಎಂಎಲ್, ಅಂದರೆ 25,000 ಯೂನಿಟ್, ಒಟ್ಟು 50 ಎಂಎಲ್ ಮಾಡಿದರೆ ಎಂಎಲ್‌ಗೆ 500; 1080 ÷ 500 = 2.16, ಪಂಪಿಗೆ 2.2. ಹೃದಯಾಘಾತದಲ್ಲಿ ಡೋಸ್ ಬೇರೆ, ಬೋಲಸ್ ಕೆಜಿಗೆ 60, ಆಮೇಲೆ 12, ಮತ್ತು ಮೇಲ್ಮಿತಿ ಇದೆ: ಬೋಲಸ್ 4000 ಯೂನಿಟ್, ಗಂಟೆಗೆ 1000 ಯೂನಿಟ್ ದಾಟುವಂತಿಲ್ಲ. 95 ಕೆಜಿಯವರಿಗೆ ಸೂತ್ರ 1140 ಎಂದರೂ ನೀವು ನಿಲ್ಲುವುದು 1000ಕ್ಕೆ. ಸೂತ್ರಕ್ಕೆ ಈ ಮಿತಿ ಗೊತ್ತಿರುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ಕೀಟನಾಶಕದ ಕೇಸ್‌ಗಳು ಐಸಿಯುಗೆ ಹೊಸತೇನಲ್ಲ. ಅದಕ್ಕೆ ಪ್ರತಿವಿಷವಾದ ಪ್ರಾಲಿಡಾಕ್ಸಿಮ್ ಕೊಡಬೇಕೋ ಬೇಡವೋ ಎಂಬ ಚರ್ಚೆ ಡಾಕ್ಟರುಗಳದ್ದು, ಎಲ್ಲ ಯೂನಿಟ್‌ಗಳಲ್ಲೂ ಒಂದೇ ಅಭಿಪ್ರಾಯವಿಲ್ಲ. ಕೊಡುವುದಾದರೆ ಕೆಜಿಗೆ 30 ಎಂಜಿ ನಿಧಾನ ಬೋಲಸ್, ಆಮೇಲೆ 8 ಎಂಜಿ/ಕೆಜಿ/ಗಂಟೆ ಎಂಬ ಆರ್ಡರ್ ನೋಡುತ್ತೀರಿ. 50 ಕೆಜಿಗೆ ಬೋಲಸ್ 1500 ಎಂಜಿ, ಆಮೇಲೆ ಗಂಟೆಗೆ 400 ಎಂಜಿ. 20 ಎಂಎಲ್‌ನಲ್ಲಿ 500 ಎಂಜಿ ಇರುವ ಆಂಪೂಲ್ ಎರಡು ಎಳೆದು 10 ಎಂಎಲ್ ಸಲೈನ್ ಸೇರಿಸಿದರೆ ಎಂಎಲ್‌ಗೆ 20 ಎಂಜಿ, ಪಂಪಿಗೆ 20 ಎಂಎಲ್. ಎರಡೂವರೆ ಗಂಟೆಗೊಮ್ಮೆ ಸಿರಿಂಜ್ ಬದಲಿಸಬೇಕು. 24 ಗಂಟೆಗೆ 9600 ಎಂಜಿ, ಅಂದರೆ 20 ಆಂಪೂಲ್. ಸಂಜೆ ಫಾರ್ಮಸಿ ಇಂಡೆಂಟಿನಲ್ಲಿ 5 ಬರೆದರೆ ಮಧ್ಯರಾತ್ರಿಯ ಮುಂಚೆಯೇ ಖಾಲಿ. ಡೋಸ್ ಲೆಕ್ಕ ಮಾಡಿದವರು ಸ್ಟಾಕ್ ಲೆಕ್ಕವನ್ನೂ ಅಲ್ಲೇ ಮಾಡಿಬಿಡಬೇಕು.

ಉಲ್ಟಾ ಲೆಕ್ಕ: ಓಡುತ್ತಿರುವ ಪಂಪಿನಿಂದ ಡೋಸ್‌ಗೆ

ಇದನ್ನು ಕಾಲೇಜಿನಲ್ಲಿ ಅಷ್ಟಾಗಿ ಕಲಿಸುವುದಿಲ್ಲ, ಕೆಲಸಕ್ಕೆ ಬರುವುದು ಇದೇ ಹೆಚ್ಚು. ಶಿಫ್ಟ್ ತೆಗೆದುಕೊಳ್ಳುವಾಗ, ಚಿತ್ರದುರ್ಗದ ಕಡೆಯಿಂದ ಸುಮಾರು 60 ಕಿಲೋಮೀಟರ್ ಹೈವೇಯಲ್ಲಿ ಆಂಬ್ಯುಲೆನ್ಸ್ ಬಂದು ನಿಂತಾಗ, ನಿಮ್ಮ ಮುಂದೆ ಇರುವುದು ಪಂಪಿನ ಅಂಕಿ ಮಾತ್ರ.

ಗಂಟೆಗೆ ಎಂಎಲ್ × ಎಂಎಲ್‌ಗೆ ಎಂಸಿಜಿ ÷ 60 ÷ ತೂಕ = ಎಂಸಿಜಿ/ಕೆಜಿ/ನಿಮಿಷ

ಡೋಪಮಿನ್ 8 ಎಂಎಲ್‌ನಲ್ಲಿ ಓಡುತ್ತಿದೆ, ಪೇಷಂಟ್ 55 ಕೆಜಿ. ಸಿರಿಂಜಿನಲ್ಲಿ ಒಂದು ಆಂಪೂಲ್ ಇದ್ದರೆ 8 × 4000 = 32,000; 60ರಿಂದ ಭಾಗಿಸಿದರೆ 533; 55ರಿಂದ ಭಾಗಿಸಿದರೆ 9.7. ಎರಡು ಆಂಪೂಲ್ ಇದ್ದರೆ 19.4. ಮೊದಲನೆಯದು ಮಧ್ಯಮ ಡೋಸ್, ಇನ್ನೂ ಏರಿಸಲು ಜಾಗವಿದೆ. ಎರಡನೆಯದು ಸಾಮಾನ್ಯ ಮಿತಿಯಾದ 20ರ ಅಂಚಿನಲ್ಲಿದೆ, ಡಾಕ್ಟರ್ ಬೇರೆ ಔಷಧ ಯೋಚಿಸಬೇಕು. ಸಿರಿಂಜಿನ ಮೇಲೆ ಅಂಟಿಸಿದ ಮೈಕ್ರೋಪೋರಿನಲ್ಲಿ "ಡೋಪ" ಅಂತಷ್ಟೇ ಇದ್ದು ಉಳಿದದ್ದು ಸ್ಪಿರಿಟ್ ತಾಗಿ ನೀಲಿ ಕಲೆಯಾಗಿದ್ದರೆ ಊಹಿಸಬೇಡಿ. ಕಳಿಸಿದ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಸಿಗದಿದ್ದರೆ ಡಾಕ್ಟರಿಗೆ ಹೇಳಿ, ನಿಮ್ಮದೇ ಹೊಸ ಸಿರಿಂಜ್ ತಯಾರಿಸಿ, ಬಿಪಿ ನೋಡುತ್ತಾ ಬದಲಿಸಿ.

ಹೊಸದಾಗಿ ಲೆಕ್ಕ ಮಾಡಿದಾಗಲೂ ಉತ್ತರವನ್ನು ಹೀಗೆ ಉಲ್ಟಾ ಹಾಕಿ ನೋಡಿ. ಇನ್ನೊಬ್ಬ ಸ್ಟಾಫ್ ಪರೀಕ್ಷಿಸುವಾಗ ನಿಮ್ಮ ಲೆಕ್ಕದ ಚೀಟಿ ತೋರಿಸಬೇಡಿ. ಆರ್ಡರ್, ತೂಕ, ಆಂಪೂಲ್ ಕೊಟ್ಟು ಅವರೇ ಬೇರೆ ಮಾಡಲಿ. ಚೀಟಿ ತೋರಿಸಿ "ಸರಿ ಐತಾ ನೋಡ್ರೀ" ಅಂದರೆ ನೂರಕ್ಕೆ ತೊಂಬತ್ತು ಜನ "ಸರಿ ಐತಿ" ಅಂದುಬಿಡುತ್ತಾರೆ.

ಮಕ್ಕಳಿಗೆ

ಮಕ್ಕಳ ವಾರ್ಡಿನಲ್ಲಿ ಮೂರರ ನಿಯಮ ಇನ್ನೂ ಬಳಕೆಯಲ್ಲಿದೆ. ತೂಕವನ್ನು 3ರಿಂದ ಗುಣಿಸಿ, ಅಷ್ಟು ಎಂಜಿ ಔಷಧ ಹಾಕಿ ಒಟ್ಟು 50 ಎಂಎಲ್ ಮಾಡಿದರೆ ಗಂಟೆಗೆ 1 ಎಂಎಲ್ ಎಂದರೆ 1 ಎಂಸಿಜಿ/ಕೆಜಿ/ನಿಮಿಷ. ಡೋಪಮಿನ್, ಡೋಬ್ಯುಟಮಿನ್‌ಗೆ ಇದು. ಅಡ್ರಿನಲಿನ್‌ನಂಥ ತೀಕ್ಷ್ಣ ಔಷಧಕ್ಕೆ 0.3ರಿಂದ ಗುಣಿಸಿ, ಆಗ 1 ಎಂಎಲ್ ಎಂದರೆ 0.1. 8 ಕೆಜಿ ಮಗುವಿಗೆ ಅಡ್ರಿನಲಿನ್ 2.4 ಎಂಜಿ, ಎಂಎಲ್‌ಗೆ 1 ಎಂಜಿ ಆಂಪೂಲಿನಿಂದ 2.4 ಎಂಎಲ್. ಅದೇ ಮಗುವಿಗೆ ಡೋಬ್ಯುಟಮಿನ್ 24 ಎಂಜಿ; 250 ಎಂಜಿ ವಯಲ್ 5 ಎಂಎಲ್‌ನದ್ದಾದರೆ 0.48 ಎಂಎಲ್, 20 ಎಂಎಲ್‌ನದ್ದಾದರೆ 1.92 ಎಂಎಲ್. ಇಂಥ ಚಿಕ್ಕ ಅಳತೆಗೆ 1 ಅಥವಾ 2 ಎಂಎಲ್ ಸಿರಿಂಜ್ ಬಳಸಿ, 10ರ ಸಿರಿಂಜಿನಲ್ಲಿ ಅಂದಾಜು ಗೆರೆ ನೋಡುವುದಲ್ಲ.

ಈ ನಿಯಮದ ತೊಂದರೆ ಎಂದರೆ ಪ್ರತಿ ಮಗುವಿನ ಸಿರಿಂಜೂ ಬೇರೆ ಬೇರೆ ಸಾಂದ್ರತೆಯದ್ದು. ಎಲ್ಲರಿಗೂ ಒಂದೇ ಸಾಂದ್ರತೆ ಇಟ್ಟು ಎಂಎಲ್ ಬದಲಿಸುವ ಪದ್ಧತಿಯೇ ಸುರಕ್ಷಿತ ಎಂದು ಬಹಳ ಕಡೆ ಅದಕ್ಕೆ ಬದಲಾಗಿದ್ದಾರೆ. ನಿಮ್ಮಲ್ಲಿ ಯಾವುದಿದೆಯೋ ಅದು, ಎರಡನ್ನೂ ಬೆರೆಸಬೇಡಿ.

ಪ್ಯಾರಸಿಟಮಾಲ್ ಬಾಟಲಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಅದನ್ನು ಯಾರೂ ಅಪಾಯದ ಔಷಧ ಎಂದು ನೋಡುವುದಿಲ್ಲ. 100 ಎಂಎಲ್‌ನಲ್ಲಿ 1000 ಎಂಜಿ, ಅಂದರೆ ಎಂಎಲ್‌ಗೆ 10 ಎಂಜಿ. 12 ಕೆಜಿ ಮಗುವಿಗೆ ಕೆಜಿಗೆ 15 ಎಂಜಿಯಂತೆ 180 ಎಂಜಿ, ಎಂದರೆ 18 ಎಂಎಲ್. ಎಂಜಿಯನ್ನು ಎಂಎಲ್ ಎಂದು ಓದಿದರೆ ಹತ್ತು ಪಟ್ಟು. ಬಾಟಲಿ ನೇತುಹಾಕಿ "18 ಆದಮೇಲೆ ನಿಲ್ಲಿಸೋಣ" ಎನ್ನಬೇಡಿ. 18 ಎಂಎಲ್ ಸಿರಿಂಜಿಗೆ ಎಳೆದು 15 ನಿಮಿಷಕ್ಕೆ, ಅಂದರೆ ಪಂಪಿನಲ್ಲಿ ಗಂಟೆಗೆ 72 ಎಂಎಲ್ ಇಟ್ಟು ಕೊಡಿ.

ಪಂಪ್ ಇಲ್ಲದಿದ್ದರೆ

ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಎಂಎಲ್, ಹಾಗಾಗಿ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಮಾಮೂಲಿ ಸೆಟ್ ಸಾಮಾನ್ಯವಾಗಿ 20 ಹನಿಯದ್ದು, ಎಂಎಲ್ ಅನ್ನು 3ರಿಂದ ಭಾಗಿಸಿದರೆ ಹನಿ. ಸೆಟ್ಟಿನ ಕವರ್ ಮೇಲೆ ಎಷ್ಟು ಹನಿ ಎಂದು ಮುದ್ರಿಸಿರುತ್ತದೆ, ಹರಿದು ಎಸೆಯುವ ಮುಂಚೆ ನೋಡಿ.

ಮೇಲಿನ 60 ಕೆಜಿಯವರ ಡೋಪಮಿನ್‌ಗೆ ಗಂಟೆಗೆ 18 ಎಂಜಿ ಬೇಕಿತ್ತು. 500 ಎಂಎಲ್ ಬಾಟಲಿಗೆ ಎರಡು ಆಂಪೂಲ್ ಹಾಕಿದರೆ, ಔಷಧದ 10 ಎಂಎಲ್ ಲೆಕ್ಕಕ್ಕೆ ಹಿಡಿಯದೆ, ಎಂಎಲ್‌ಗೆ 0.8 ಎಂಜಿ, 18 ÷ 0.8 = 22.5. ಮೈಕ್ರೋಡ್ರಿಪ್‌ನಲ್ಲಿ ನಿಮಿಷಕ್ಕೆ 22-23 ಹನಿ, ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ. 20ರ ಸೆಟ್ಟಿನಲ್ಲಿ ಅದೇ 7-8 ಹನಿ, ಒಂದು ಹನಿ ಹೆಚ್ಚುಕಡಿಮೆಯಾದರೆ ಡೋಸ್ ಶೇಕಡ 13ರಷ್ಟು ಅಲುಗಾಡುತ್ತದೆ. ಪೇಷಂಟ್ ಕೈ ಮಡಚಿದರೆ, ಸ್ಟ್ರೆಚರ್ ಏರಿಸಿದರೆ ಹನಿಯ ವೇಗ ಬದಲಾಗುತ್ತದೆ. ನಾರ್‌ಅಡ್ರಿನಲಿನ್ ಅನ್ನು ಹನಿ ಎಣಿಸಿ ಕೊಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಪಂಪ್ ಇರುವ ಕಡೆ ಅದರ ಬ್ಯಾಟರಿ ಚಾರ್ಜಿನಲ್ಲಿಡಿ, ಕರೆಂಟ್ ಹೋದಾಗ ಪರೀಕ್ಷಿಸುವ ವಸ್ತು ಅದಲ್ಲ.

ಪಂಪ್ ಹೇಳದ ಕೆಲವು ಸಂಗತಿಗಳು

ಪಂಪ್ ಮಾಡುವುದು ಪ್ಲಂಜರ್ ತಳ್ಳುವ ಕೆಲಸ ಮಾತ್ರ. ಎಷ್ಟು ತಳ್ಳಿದರೆ ಎಷ್ಟು ಎಂಎಲ್ ಎಂಬುದು ಸಿರಿಂಜಿನ ಒಳ ಅಗಲದ ಮೇಲೆ ನಿಂತಿದೆ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಪಂಪಿನ ಮೆನುವಿನಲ್ಲಿ ಒಂದು ಬ್ರಾಂಡ್ ಆರಿಸಿ ಇನ್ನೊಂದರ ಸಿರಿಂಜ್ ಹಾಕಿದರೆ ನಿಮ್ಮ ಲೆಕ್ಕ ಎಷ್ಟೇ ಸರಿಯಿದ್ದರೂ ಹೋಗುವ ಔಷಧ ತಪ್ಪು.

ಸಿರಿಂಜ್ ಕೂರಿಸಿದ ಮೇಲೆ, ಪೇಷಂಟ್‌ಗೆ ಜೋಡಿಸುವ ಮುಂಚೆ ಪರ್ಜ್ (ಲೈನ್ ತುಂಬಿಸುವ ಬಟನ್) ಒತ್ತಿ ಲೈನಿನ ತುದಿಯಲ್ಲಿ ಹನಿ ಕಾಣುವವರೆಗೆ ಬಿಡಿ. ಎಕ್ಸ್‌ಟೆನ್ಷನ್ ಲೈನ್ ಮತ್ತು ಥ್ರೀ-ವೇ ಸೇರಿ 1-2 ಎಂಎಲ್ ಹಿಡಿಯುತ್ತದೆ. ಅದು ಖಾಲಿ ಇದ್ದು ಪಂಪ್ 2 ಎಂಎಲ್‌ನಲ್ಲಿದ್ದರೆ ಮೊದಲ ಹನಿ ಪೇಷಂಟ್ ತಲುಪಲು ಅರ್ಧದಿಂದ ಒಂದು ಗಂಟೆ. ಆ ಹೊತ್ತಿಗೆ ಬಿಪಿ ಏರಲಿಲ್ಲವೆಂದು ಎರಡು ಸಲ ಡೋಸ್ ಹೆಚ್ಚಿಸಿರುತ್ತಾರೆ. ಔಷಧ ತುಂಬಿದ ಅದೇ ಲೈನಿನಲ್ಲಿ ಆಂಟಿಬಯಾಟಿಕ್ ತಳ್ಳಿದರೆ ಒಳಗಿದ್ದ ನಾರ್‌ಅಡ್ರಿನಲಿನ್ ಒಮ್ಮೆಗೇ ಒಳಹೋಗುತ್ತದೆ; ಅದಕ್ಕೆ ಬೇರೆಯೇ ಲೈನ್ ಇಡಿ.

ಲೇಬಲಿನಲ್ಲಿ ಪೇಷಂಟ್ ಹೆಸರು, ಔಷಧ, ಒಟ್ಟು ಎಂಜಿ ಮತ್ತು ಆಂಪೂಲ್ ಸಂಖ್ಯೆ, ಒಟ್ಟು ಎಂಎಲ್, ಎಂಎಲ್‌ಗೆ ಎಷ್ಟು, ತಯಾರಿಸಿದ ಸಮಯ, ಇಬ್ಬರ ಸಹಿ. ಮಾರ್ಕರಿನಲ್ಲಿ ಬರೆಯಿರಿ, ಸಿರಿಂಜಿನ ಗೆರೆಗಳನ್ನು ಮುಚ್ಚದಂತೆ ಉದ್ದಕ್ಕೆ ಅಂಟಿಸಿ.

ನೀವೇ ಮಾಡಿ ನೋಡಿ

ಒಂದು: 45 ಕೆಜಿ, ಡೋಬ್ಯುಟಮಿನ್ 250 ಎಂಜಿ ಒಟ್ಟು 50 ಎಂಎಲ್‌ನಲ್ಲಿ, ಆರ್ಡರ್ 7.5 ಎಂಸಿಜಿ/ಕೆಜಿ/ನಿಮಿಷ. ಎಷ್ಟು ಎಂಎಲ್?

ಎರಡು: 58 ಕೆಜಿ, ಆರ್ಡರ್ "ನಾರ್‌ಅಡ್ರಿನಲಿನ್ 0.1 ಎಂಸಿಜಿ/ಕೆಜಿ/ನಿಮಿಷ", ಸಿರಿಂಜಿನ ಮೇಲೆ "ನಾರ್‌ಅಡ್ 8 ಎಂಜಿ 50ರಲ್ಲಿ" ಎಂದಷ್ಟೇ ಇದೆ. ಎಷ್ಟು ಎಂಎಲ್?

ಮೂರು: ಡಬಲ್ ಸ್ಟ್ರೆಂತ್ ನಾರ್‌ಅಡ್ರಿನಲಿನ್, ಎಂಎಲ್‌ಗೆ 160 ಎಂಸಿಜಿ ಬೇಸ್, 64 ಕೆಜಿಯವರಿಗೆ 6 ಎಂಎಲ್‌ನಲ್ಲಿ ಓಡುತ್ತಿದೆ. ಡೋಸ್ ಎಷ್ಟು?

ನಾಲ್ಕು: ಪ್ಯಾರಸಿಟಮಾಲ್ ಹೆಚ್ಚಾದವರಿಗೆ ಅಸಿಟೈಲ್‌ಸಿಸ್ಟೀನ್‌ನ ಎರಡನೇ ಬಾಟಲಿ: ಕೆಜಿಗೆ 50 ಎಂಜಿ, 500 ಎಂಎಲ್‌ಗೆ ಸೇರಿಸಿ 4 ಗಂಟೆಯಲ್ಲಿ. ತೂಕ 40 ಕೆಜಿ, ಔಷಧ ಎಂಎಲ್‌ಗೆ 200 ಎಂಜಿ. ಪಂಪ್ ಇಲ್ಲ, 20 ಹನಿಯ ಸೆಟ್. ನಿಮಿಷಕ್ಕೆ ಎಷ್ಟು ಹನಿ?

ಉತ್ತರ: ಒಂದನೆಯದು 20.25 ಎಂಜಿ ÷ 5 = 4.05, ಪಂಪಿಗೆ 4 ಎಂಎಲ್. ಎರಡನೆಯದಕ್ಕೆ ಉತ್ತರ ಇಲ್ಲ: 8 ಎಂಜಿ ಬೇಸ್ ಆದರೆ 2.2 ಎಂಎಲ್, ಉಪ್ಪಾದರೆ 4.35, ತಯಾರಿಸಿದವರನ್ನು ಕೇಳಿ ಎಷ್ಟು ಆಂಪೂಲ್ ಎಂದು ತಿಳಿದುಕೊಳ್ಳಿ, ತಿಳಿಯದಿದ್ದರೆ ಚೆಲ್ಲಿ ಹೊಸದು ಮಾಡಿ. ಮೂರನೆಯದು 6 × 160 = 960, 60ರಿಂದ ಭಾಗಿಸಿ 16, 64ರಿಂದ ಭಾಗಿಸಿ 0.25. ನಾಲ್ಕನೆಯದು 2000 ಎಂಜಿ, 10 ಎಂಎಲ್ ಔಷಧ. ಒಟ್ಟು 510 ಎಂಎಲ್, ಗಂಟೆಗೆ 127.5, ನಿಮಿಷಕ್ಕೆ 42-43 ಹನಿ.